ಕರೆ ಯಾರ ಹೆಸರಲ್ಲಿ ಹೋಗುತ್ತದೆ?

ಪ್ರಶ್ನೆ: ಸಾಲಿಡಿಟಿಯಲ್ಲಿ (ಇಥೀರಿಯಂ ಬ್ಲಾಕ್‌ಚೈನ್‌ಗೆ ಪ್ರೋಗ್ರಾಂ ಬರೆಯುವ ಭಾಷೆ) ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ, ಬರೆಯುತ್ತಿದ್ದೇನೆ. ಯಾವ ಅಡ್ರೆಸ್‌ನ ಯಾವ ಫಂಕ್ಷನ್ ಕರೆಯಬೇಕು ಅಂತ ಬಳಸುವವರೇ ಹೇಳಬೇಕು, ಮೊದಲೇ ಗೊತ್ತಿರುವುದಿಲ್ಲ. ಬೇರೆ ಕಾಂಟ್ರ್ಯಾಕ್ಟ್‌ನ ಫಂಕ್ಷನ್ ಓಡಿಸುವ ‘ಕಾಲ್’ ಬಳಸಿ ನೋಡಿದೆ. ಟ್ರಾನ್ಸಾಕ್ಷನ್ ಸಕ್ಸಸ್ ಅಂತ ಬಂತು, ಆದರೆ ಆ ಕಡೆ ಏನೂ ಬದಲಾಗಿಲ್ಲ! ಎಲ್ಲಿ ಎಡವಿದ್ದೇನೆ?

ಉತ್ತರ: ‘ಕಾಲ್’ ಎರಡು ವಸ್ತು ವಾಪಸ್ ಕೊಡುತ್ತದೆ, ಒಂದು ಬೂಲಿಯನ್ (ಕರೆ ಗೆದ್ದಿತೋ ಸೋತಿತೋ ಅಂತ ಹೇಳುವ ‘ಟ್ರೂ’ ಅಥವಾ ‘ಫಾಲ್ಸ್’), ಇನ್ನೊಂದು ಬೈಟ್ಸ್ (ಆ ಕಡೆಯಿಂದ ಬಂದ ಡೇಟಾ). ನೀವು ಬೂಲಿಯನ್ ನೋಡದೆ ಬಿಟ್ಟಿರಬೇಕು. ಆ ಕಡೆ ರಿವರ್ಟ್ ಆದರೂ (ಕರೆ ವಿಫಲವಾಗಿ ಅಲ್ಲಿ ಮಾಡಿದ್ದೆಲ್ಲ ರದ್ದಾದರೂ) ನಿಮ್ಮ ಕಾಂಟ್ರ್ಯಾಕ್ಟ್ ತಾನಾಗಿ ನಿಲ್ಲುವುದಿಲ್ಲ, ಸುಮ್ನೆ ‘ಫಾಲ್ಸ್’ ಬರುತ್ತದೆ, ನೀವು ಗಮನಿಸದಿದ್ದರೆ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಇನ್ನೂ ಒಂದು ತಮಾಷೆ ಇದೆ. ಕೋಡೇ ಇಲ್ಲದ ಅಡ್ರೆಸ್‌ಗೆ ಕರೆ ಮಾಡಿದರೆ ‘ಟ್ರೂ’ ಅಂತಲೇ ಬರುತ್ತದೆ! ಹಾಗಾಗಿ ಅಲ್ಲಿ ಕೋಡ್ ಇದೆಯಾ ಅಂತಲೂ ನೋಡಿ.

ಯಾವ ಫಂಕ್ಷನ್ ಅಂತ ಗುರುತಿಸುವ ಸೆಲೆಕ್ಟರ್ ಕೂಡ ಪರೀಕ್ಷಿಸಿ. ಫಂಕ್ಷನ್ ಹೆಸರು ಮತ್ತು ಪ್ಯಾರಾಮೀಟರ್ ಟೈಪ್‌ಗಳ ಕೆಕ್ಕಾಕ್-256 ಹ್ಯಾಶ್‌ನ, ಅಂದರೆ ಆ ಬರಹದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆಯ, ಮೊದಲ 4 ಬೈಟ್ ಅದು. ‘ಯುಇಂಟ್256’ ಬದಲು ಬರೀ ‘ಯುಇಂಟ್’ ಅಂತ ಬರೆದರೆ, ಅಥವಾ ಕಾಮಾ ನಂತರ ಒಂದು ಸ್ಪೇಸ್ ಬಿಟ್ಟರೆ, ಹ್ಯಾಶ್ ಬೇರೆಯೇ ಆಗಿ ಕರೆ ನಿಮಗೆ ಬೇಕಾದ ಫಂಕ್ಷನ್‌ಗೆ ತಲುಪುವುದಿಲ್ಲ. ಎಷ್ಟೋ ಜನರ ರಾತ್ರಿ ನಿದ್ದೆ ಇದರಲ್ಲೇ ಹೋಗಿದೆ.

ಇಷ್ಟು ಸರಿ ಮಾಡಿದರೆ ಕರೆ ನಡೆಯುತ್ತದೆ. ನನಗೆ ಭಯ ಇರುವುದು ಅಲ್ಲಿಂದ ಮುಂದೆ. ಆ ಕಡೆಯ ಕಾಂಟ್ರ್ಯಾಕ್ಟ್‌ಗೆ ‘ಮೆಸೇಜ್ ಸೆಂಡರ್’ (ಕರೆ ಮಾಡಿದವರು) ಆಗಿ ಕಾಣುವುದು ನಿಮ್ಮ ಬಳಕೆದಾರನಲ್ಲ, ನಿಮ್ಮ ಕಾಂಟ್ರ್ಯಾಕ್ಟ್. ನೂರು ಜನ ನಿಮ್ಮನ್ನು ನಂಬಿ ತಮ್ಮ ಟೋಕನ್ ಸಾಗಿಸಲು ನಿಮ್ಮ ಕಾಂಟ್ರ್ಯಾಕ್ಟ್‌ಗೆ ಅಪ್ರೂವಲ್ (ಅನುಮತಿ) ಕೊಟ್ಟಿದ್ದಾರೆ ಅಂದುಕೊಳ್ಳಿ. ಯಾರೋ ಒಬ್ಬ ಬಂದು ಟೋಕನ್‌ನ ಅಡ್ರೆಸ್ ಕೊಟ್ಟು, ಒಬ್ಬರ ಟೋಕನ್ ಇನ್ನೊಬ್ಬರಿಗೆ ಸಾಗಿಸುವ ‘ಟ್ರಾನ್ಸ್‌ಫರ್‌ಫ್ರಮ್’ ಫಂಕ್ಷನ್ ಕರೆಯಲು ಹೇಳಿದರೆ ಮುಗೀತು, ಅಷ್ಟೂ ಜನರ ಟೋಕನ್ ನಿಮ್ಮ ಹೆಸರಲ್ಲೇ ಅವನ ಜೇಬಿಗೆ. ಮನೆಯ ಬೀಗದ ಕೈ ದಾರಿಹೋಕನಿಗೆ ಕೊಟ್ಟ ಹಾಗೆ ಅಲ್ವಾ?

‘ಡೆಲಿಗೇಟ್‌ಕಾಲ್’ ಅಂತೂ ಬೇಡವೇ ಬೇಡ. ಅದರಲ್ಲಿ ಆ ಕಡೆಯ ಕಾಂಟ್ರ್ಯಾಕ್ಟ್‌ನ ಕೋಡ್ ನಿಮ್ಮದೇ ಸ್ಟೋರೇಜ್ (ಉಳಿಸಿಟ್ಟ ಡೇಟಾ) ಮೇಲೆ ಓಡುತ್ತದೆ, ಅಂದರೆ ಮಾಲೀಕ ಯಾರು ಅನ್ನುವುದನ್ನೂ ತಿದ್ದಬಹುದು. 2016ರ ಜೂನ್‌ನಲ್ಲಿ ಇಥೀರಿಯಂ ಮೇಲಿನ ಹೂಡಿಕೆ ನಿಧಿಯಾದ ‘ದಿ ಡಿಎಓ’ದಿಂದ ಸುಮಾರು 36 ಲಕ್ಷ ಈಥರ್ (ಇಥೀರಿಯಂನ ಹಣ) ಹೋಗಿದ್ದಕ್ಕೆ ಮಾಮೂಲಿ ಹೊರಗಿನ ಕರೆಯೇ ಸಾಕಾಯಿತು. ಬ್ಯಾಲೆನ್ಸ್ ಇಳಿಸುವ ಮೊದಲೇ ಹಣ ಕಳಿಸಿದ್ದರು, ಪಡೆದ ಕಡೆಯವರು ಮತ್ತೆ ಮತ್ತೆ ಒಳಗೆ ನುಗ್ಗಿದರು. ನೀವೂ ಲೆಕ್ಕ ಮೊದಲು ಬರೆದು, ಆಮೇಲೆ ಕರೆ ಮಾಡಿ.

ನಿಮ್ಮ ಕೆಲಸಕ್ಕೆ ಕೆಲವೇ ಅಡ್ರೆಸ್, ಕೆಲವೇ ಸೆಲೆಕ್ಟರ್ ಸಾಕಾದರೆ ಅವನ್ನಷ್ಟೇ ಪಟ್ಟಿ ಮಾಡಿ, ಪಟ್ಟಿಯಲ್ಲಿರುವ ಕರೆಗಳನ್ನು ಮಾತ್ರ ಬಿಡಿ. ಯಾವುದಾದರೂ ಸರಿ ಅನ್ನುವುದು ನಿಜಕ್ಕೂ ಬೇಕೇ ಬೇಕಾದರೆ, ಕರೆ ಮಾಡುವುದಕ್ಕೆ ಅಂತಲೇ ಬೇರೆ ಕಾಂಟ್ರ್ಯಾಕ್ಟ್ ಇಡಿ. ಅದರ ಹೆಸರಲ್ಲಿ ಅಪ್ರೂವಲ್ಲೂ ಇರಬಾರದು, ಬ್ಯಾಲೆನ್ಸೂ ಇರಬಾರದು.