ಕಸೂತಿ ಸೀರೆಗೆ ಬೆಲೆ ಇಡುವುದು ಹೇಗೆ?

ಧಾರವಾಡದ ಕಡೆ ಕೈಯಿಂದ ಕಸೂತಿ ಹಾಕುವ ಎಂಟು ಹೆಣ್ಣುಮಕ್ಕಳಿಗೆ ಅಂಗಡಿಯವರು ಸೀರೆಗೆ ಇಷ್ಟು ಎಂದು ಕೊಡುವ ಕೂಲಿ ಸಾಲುತ್ತಿಲ್ಲ, ಗುಂಪು ಮಾಡಿ ನಾವೇ ಮಾರಿದರೆ ದರ ಎಷ್ಟಿಡಬೇಕು ಎಂದು ಕೇಳಿದ್ದೀರಿ.

ನಷ್ಟ ಶುರುವಾಗುವುದೇ ಆ 'ಸೀರೆಗೆ ಇಷ್ಟು' ಎಂಬಲ್ಲಿ. ಒಂದೊಂದು ಬುಟ್ಟಾಕ್ಕೆ, ಅಂದರೆ ಬಿಡಿ ಚಿತ್ತಾರಕ್ಕೆ, ಹಿಡಿಯುವ ಹೊತ್ತನ್ನು ಗಡಿಯಾರ ಇಟ್ಟು ಬರೆದುಕೊಳ್ಳಿ. ಮೂವರು ಬೇರೆಬೇರೆಯಾಗಿ ಹಾಕಲಿ, ನಡುವಿನ ಲೆಕ್ಕ ಹಿಡಿಯಿರಿ. ಗವಂತಿ ಎಂದರೆ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವ ಹೊಲಿಗೆ. ಅದರಲ್ಲಿ ಹೋಗುವಾಗ ಬಟ್ಟೆಯ ಒಂದು ಎಳೆ ತಪ್ಪಿ ಎಣಿಸಿದರೆ ಬರುವಾಗ ಹೊಲಿಗೆ ಕೂಡುವುದಿಲ್ಲ, ಅಲ್ಲಿಯವರೆಗೂ ಬಿಚ್ಚಬೇಕು. ಆ ಹೊತ್ತೂ ಸೇರಲಿ. ಎಳೆ ಎಣಿಸಲಾಗದ ರೇಷ್ಮೆಯ ಮೇಲೆ ಜಾಳು ಕ್ಯಾನ್ವಾಸ್ ಟಾಕಿ ಹೊಲಿಯುತ್ತಾರಲ್ಲ, ಕೊನೆಗೆ ಅದರ ಎಳೆ ಒಂದೊಂದೇ ಕೀಳುವ ಕೆಲಸವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಂದು ಉದಾಹರಣೆ ನೋಡಿ. 54 ಬುಟ್ಟಾ, ಒಂದಕ್ಕೆ 40 ನಿಮಿಷ, ಒಟ್ಟು 36 ಗಂಟೆ. ಕಣ್ಣಿನ ಕೆಲಸ, ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಹಿಡಿಯಬೇಡಿ. ಹಾಗಾದರೆ ಆರು ದಿನ. ದಿನಕ್ಕೆ ₹500 ಎಂದರೆ ಕೂಲಿ ₹3,000. ಸೀರೆ ₹1,800, ದಾರ ₹150, ಇಸ್ತ್ರಿ-ಪ್ಯಾಕಿಂಗ್ ₹50. ಅಲ್ಲಿಗೆ ₹5,000. ಕೆಟ್ಟ ಮಾಲು, ಓಡಾಟ, ಮುಂದಿನ ಬಂಡವಾಳಕ್ಕೆಂದು ಗುಂಪಿಗೆ ಶೇ. 20 ಸೇರಿಸಿದರೆ ₹6,000. ನೇರವಾಗಿ ಮಾರುವಾಗಲೂ ಇದಕ್ಕಿಂತ ಕೆಳಗೆ ಇಳಿಯಬೇಡಿ.

ಅಂಗಡಿಯವರು ಮಾರುವ ಬೆಲೆಯ ಮೇಲೆ ಶೇ. 40 ಕೇಳಿದರೆ ಬಹಳ ಜನ ಎಡವುತ್ತಾರೆ. ₹6,000ಕ್ಕೆ ಶೇ. 40 ಕೂಡಿಸಿ ₹8,400 ಎಂದು ಚೀಟಿ ಹಚ್ಚುತ್ತಾರೆ. ಅದರಲ್ಲಿ ಶೇ. 40 ಹೋದರೆ ಕೈಗೆ ಬರುವುದು ₹5,040, ಗುಂಪಿನ ಪಾಲು ಹೆಚ್ಚುಕಡಿಮೆ ಪೂರ್ತಿ ಮಾಯ! 6,000ವನ್ನು 0.6ರಿಂದ ಭಾಗಿಸಬೇಕು, ₹10,000 ಆಗುತ್ತದೆ.

ಅಷ್ಟಕ್ಕೆ ಗಿರಾಕಿ ಇಲ್ಲವೆಂದರೆ ಕೂಲಿ ಕಡಿಯಬೇಡಿ, ಬುಟ್ಟಾ ಕಡಿಮೆ ಮಾಡಿ. ಸೆರಗಿಗೆ ಮಾತ್ರ ತೇರು-ಗೋಪುರ ಹಾಕಿ, ಇಲ್ಲವೇ ಕುಪ್ಪಸದ ತೋಳು, ದುಪಟ್ಟಾದ ಅಂಚಿಗೆ ಇಳಿಯಿರಿ. ನನ್ನ ಮಟ್ಟಿಗೆ ಹೊಸ ಗುಂಪು ಸೀರೆಯಿಂದ ಶುರು ಮಾಡುವುದೇ ತಪ್ಪು, ದುಡ್ಡು ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ.

ಕಂಪ್ಯೂಟರ್ ಕಸೂತಿ ಅಗ್ಗಕ್ಕೆ ಸಿಗುತ್ತದೆ ಎನ್ನುವವರಿಗೆ ಬಟ್ಟೆ ತಿರುವಿ ತೋರಿಸಿ. ಗವಂತಿಯೂ ಮೆಟ್ಟಿಲಿನಂತೆ ಸಾಗುವ ಮುರಗಿ ಹೊಲಿಗೆಯೂ ಎರಡೂ ಬದಿ ಒಂದೇ ತರಹ ಇರುತ್ತವೆ, ಗಂಟಿರುವುದಿಲ್ಲ. ಯಂತ್ರದ್ದರಲ್ಲಿ ಹಿಂಬದಿಯ ದಾರವೇ ಬೇರೆ. ಆನ್‌ಲೈನ್‌ನಲ್ಲಿ ಹಾಕುವ ಫೋಟೋಗಳಲ್ಲೂ ಒಂದು ಹಿಂಬದಿಯದಿರಲಿ.

ಕೆಂಪು, ಕಪ್ಪು ದಾರವನ್ನು ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆರು ದಿನದ ಕೆಲಸ ಒಂದೇ ಒಗೆತಕ್ಕೆ ಹಾಳು.

ಉದ್ರಿ ಬೇಡ. ಆರ್ಡರ್ ಕೊಡುವವರಿಂದ ಸೀರೆ-ದಾರದ ದುಡ್ಡನ್ನಾದರೂ ಮುಂಗಡ ಪಡೆಯಿರಿ. ಹೊಲಿದವರಿಗೆ ಕೂಲಿಯನ್ನು ಕೆಲಸ ಒಪ್ಪಿಸಿದ ದಿನವೇ ಕೊಡಿ, ಮಾರಾಟದವರೆಗೆ ಕಾಯಿಸಿದರೆ ಅವರು ಮತ್ತೆ ಹಳೆಯ ಅಂಗಡಿಗೇ ಹೋಗುತ್ತಾರೆ. ಜೊತೆಗೆ ಎಂಟೂ ಜನರಿಗೆ ಕೇಂದ್ರ ಕರಕುಶಲ ಇಲಾಖೆಯ 'ಪೆಹಚಾನ್' ಗುರುತಿನ ಚೀಟಿ ಮಾಡಿಸಿಡಿ, ಸರ್ಕಾರಿ ಮೇಳಗಳಲ್ಲಿ ಮಳಿಗೆಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ.