ಜೈಲಿನಲ್ಲಿರುವ ತಮ್ಮನಿಗೆ ಕಾಗದ ಮುಟ್ಟಬೇಕಾದರೆ

ಪ್ರಶ್ನೆ: ತಮ್ಮ ನಾಲ್ಕು ತಿಂಗಳಿಂದ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದಾನೆ, ಕೇಸು ಇನ್ನೂ ನಡೆಯುತ್ತಿದೆ. ಅವನಿಗೆ ಎರಡು ಇನ್‌ಲ್ಯಾಂಡ್ ಲೆಟರ್ ಹಾಕಿದೆ. ಒಂದು ವಾಪಸ್ ಬಂತು. ಮಗಳ ಫೋಟೊ ಇಟ್ಟಿದ್ದ ಇನ್ನೊಂದರ ಸುದ್ದಿಯೇ ಇಲ್ಲ. ಜೈಲಿಗೆ ಕಾಗದ ಬರೆಯಬಾರದೇ?
– ಓದುಗರು, ಹಾಸನ

ಉತ್ತರ: ಧಾರಾಳವಾಗಿ ಬರೆಯಿರಿ. ಒಳಗಿರುವವರಿಗೆ ಮನೆಯ ಕಾಗದಕ್ಕಿಂತ ದೊಡ್ಡ ಆಸರೆ ಇಲ್ಲ.

ವಾಪಸ್ ಬಂದ ಕಾಗದದಲ್ಲಿ ಮೊದಲು ವಿಳಾಸ ನೋಡಿ. ಸಾವಿರಾರು ಜನರಿರುವ ಜಾಗದಲ್ಲಿ ಬರೀ ಹೆಸರು ಸಾಲದು. ಹೆಸರು, ತಂದೆಯ ಹೆಸರು, ‘ವಿಚಾರಣಾಧೀನ ಕೈದಿ ಸಂಖ್ಯೆ’ ಎಂದು ಬರೆದು ಅವರ ನಂಬರು, ಅದರ ಕೆಳಗೆ ‘ಮುಖ್ಯ ಅಧೀಕ್ಷಕರ ಮೂಲಕ, ಕೇಂದ್ರ ಕಾರಾಗೃಹ, ಪರಪ್ಪನ ಅಗ್ರಹಾರ, ಬೆಂಗಳೂರು – 560100’. ನಂಬರು ವಕೀಲರಿಂದಲೋ ಜೈಲಿನ ಮುಲಾಖತ್ (ಕೈದಿಗಳ ಭೇಟಿ) ಕೌಂಟರ್‌ನಲ್ಲೋ ಸಿಗುತ್ತದೆ. ಶಿಕ್ಷೆಯಾದರೆ ಸಜಾಬಂದಿ ಎಂದು ಬೇರೆ ನಂಬರು ಬರುತ್ತದೆ, ಬೇರೆ ಜೈಲಿಗೆ ಹಾಕಿದರೂ ಅಷ್ಟೇ. ಹಳೇ ನಂಬರಿನ ಕಾಗದ ಅಲೆದಾಡುವುದು ಇದರಿಂದಲೇ. ಕಳಿಸುವವರ ಜಾಗದಲ್ಲಿ ನಿಮ್ಮ ಪೂರ್ತಿ ಹೆಸರು, ವಿಳಾಸ, ‘ಅಕ್ಕ’ ಎಂಬ ಸಂಬಂಧ ಬರೆಯಿರಿ. ಯಾರು ಬರೆದರೆಂದು ತಿಳಿಯದ ಕಾಗದದ ಮೇಲೆ ಅನುಮಾನ ಸಹಜ.

ಫೋಟೊ ವಿಷಯಕ್ಕೆ ಬಂದರೆ, ಇನ್‌ಲ್ಯಾಂಡ್ ಲೆಟರ್‌ನ ಒಳಗೆ ಏನನ್ನೂ ಇಡುವಂತಿಲ್ಲ. ಇಟ್ಟರೆ ಅಂಚೆಯವರು ಅದನ್ನು ಮಾಮೂಲಿ ಲಕೋಟೆಯೆಂದು ಲೆಕ್ಕ ಹಾಕಿ, ಕಡಿಮೆ ಬಿದ್ದ ಅಂಚೆ ಶುಲ್ಕದ ಎರಡರಷ್ಟನ್ನು ಪಡೆಯುವವರಿಂದ ಕೇಳುತ್ತಾರೆ. ಜೈಲಿನಲ್ಲಿ ಆ ದುಡ್ಡು ಕಟ್ಟುವವರು ಯಾರು? ಫೋಟೊ ಕಳಿಸಬೇಕೆಂದರೆ ಲಕೋಟೆಯಲ್ಲಿಡಿ. ಎ4 ಹಾಳೆಯೊಂದು ಸುಮಾರು 5 ಗ್ರಾಂ ತೂಗುತ್ತದೆ. ಹಾಗಾಗಿ ಎರಡು ಹಾಳೆ, ಒಂದು ಫೋಟೊ ಇಟ್ಟರೆ ಮೊದಲ 20 ಗ್ರಾಂ ಮಿತಿಯ ಅಂಚಿಗೆ ಬಂದಂತೆ. ಕೌಂಟರ್‌ನಲ್ಲಿ ತೂಗಿಸಿಯೇ ಸ್ಟಾಂಪ್ ಹಚ್ಚಿ.

ಕಾಗದವನ್ನು ಜೈಲಿನವರು ಒಡೆದು ಓದುತ್ತಾರೆ. ಹಾಳೆಗಳ ನಡುವೆ ಅಂಟಿಸಿ, ಕಾಗದಕ್ಕೇ ಸವರಿ ಮಾದಕ ವಸ್ತು ಒಳಗೆ ಸಾಗಿಸಬಹುದೆಂಬ ಭಯ ಅವರಿಗಿದೆ. ಆದ್ದರಿಂದ ಸ್ಟೇಪಲ್ ಪಿನ್, ಸ್ಟಿಕ್ಕರ್, ಮಿನುಗುಪುಡಿ, ಸೆಂಟು, ದಪ್ಪ ರಟ್ಟಿನ ಗ್ರೀಟಿಂಗ್ ಕಾರ್ಡ್ ಬೇಡ. ಮಗಳು ಬರೆದ ಚಿತ್ರವನ್ನು ತೆಳುಹಾಳೆಯಲ್ಲಿ, ಪೆನ್ಸಿಲ್‌ನಲ್ಲಿ ಕಳಿಸಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಕೇಸಿನ ಬಗ್ಗೆ ಒಂದು ಅಕ್ಷರವನ್ನೂ ಬರೆಯಬೇಡಿ. ‘ಅವನು ಸಾಕ್ಷಿ ಹೇಳದಂತೆ ಮಾತಾಡಿದ್ದೇವೆ’ ಎಂಬ ಒಂದು ಸಾಲು ಸಾಕು, ಜಾಮೀನು ಕೈತಪ್ಪುತ್ತದೆ, ಬರೆದವರ ಮೇಲೂ ಕೇಸು ಬೀಳಬಹುದು. ಅಂಥ ಮಾತೇನಿದ್ದರೂ ವಕೀಲರ ಮೂಲಕ ಆಗಲಿ. ಮಳೆ, ಬೆಳೆ, ಅಮ್ಮನ ಆರೋಗ್ಯ, ಮಗಳ ಶಾಲೆ ಇವನ್ನೇ ತುಂಬ ಬರೆಯಿರಿ. ಅವರು ಹಾತೊರೆಯುವುದೂ ಅದಕ್ಕೇ.

ಸ್ಪೀಡ್ ಪೋಸ್ಟ್ ಮಾಡಿದರೆ ಟ್ರ್ಯಾಕ್ ಮಾಡಬಹುದು. ಆದರೆ ‘ಬಟವಾಡೆ ಆಗಿದೆ’ ಎಂದರೆ ಜೈಲಿನ ಸಿಬ್ಬಂದಿ ಸಹಿ ಹಾಕಿ ಪಡೆದರೆಂದಷ್ಟೇ ಅರ್ಥ. ತಮ್ಮನ ಕೈಗೆ ಹೋಗಲು ಮತ್ತೆ ಕೆಲವು ದಿನ ಹಿಡಿದೀತು. ಪ್ರತಿ ಕಾಗದದ ಮೇಲೂ ತಾರೀಖಿನ ಜೊತೆಗೆ 1, 2, 3 ಎಂದು ಸಂಖ್ಯೆ ಹಾಕಿ. ಯಾವುದು ತಪ್ಪಿತೆಂದು ಮುಲಾಖತ್‌ನಲ್ಲಿ ಅವರೇ ಹೇಳುತ್ತಾರೆ.

ಪ್ರಶ್ನೆ: ಅಣ್ಣ ಮೈಸೂರು ಜೈಲಿನಲ್ಲಿದ್ದಾನೆ. ಅಮ್ಮನಿಗೆ ಮರಾಠಿ ಬಿಟ್ಟರೆ ಬೇರೆ ಭಾಷೆ ಬರೆಯಲು ಬಾರದು. ಕಾಗದ ಕೊಡುತ್ತಾರೆಯೇ?
– ಓದುಗರು, ನಿಪ್ಪಾಣಿ

ಉತ್ತರ: ಕೊಡುತ್ತಾರೆ, ಆದರೆ ತಡವಾಗಬಹುದು. ತಮಗೆ ತಿಳಿಯದ ಭಾಷೆಯ ಕಾಗದವನ್ನು ಯಾರಿಂದಲಾದರೂ ಓದಿಸಿ ಅರ್ಥ ತಿಳಿದ ಮೇಲೆಯೇ ಅಧಿಕಾರಿಗಳು ಕೈದಿಗೆ ಕೊಡುವುದು. ಅಮ್ಮ ಹೇಳಿದ್ದನ್ನು ನೀವು ಕನ್ನಡದಲ್ಲಿ ಬರೆದು, ಕೊನೆಗೆ ಅವರ ಕೈಯಿಂದಲೇ ಒಂದೆರಡು ಮರಾಠಿ ಸಾಲು ಬರೆಸಿ. ತಾಯಿಯ ಕೈಬರಹ ಮಗನಿಗೆ ಕಾಣಲಿ.

ಪ್ರಶ್ನೆ: ಲಕೋಟೆಯಲ್ಲಿ 500 ರೂಪಾಯಿ ಇಟ್ಟು ಕಳಿಸಬಹುದೇ?
– ಓದುಗರು, ಶಿರಾ

ಉತ್ತರ: ಬೇಡ. ಸಾದಾ ಟಪಾಲಿನಲ್ಲಿ ನೋಟು ಕಳಿಸುವುದು ಅಂಚೆ ನಿಯಮಕ್ಕೇ ವಿರುದ್ಧ, ಜೈಲಿನೊಳಗೆ ನಗದು ಇಟ್ಟುಕೊಳ್ಳುವಂತೆಯೂ ಇಲ್ಲ. ಕೈದಿಯ ಹೆಸರಿನಲ್ಲಿ ಜೈಲಿನಲ್ಲಿ ಖಾತೆ ಇರುತ್ತದೆ. ಅದಕ್ಕೆ ಜಮೆ ಮಾಡಿದರೆ ಒಳಗಿನ ಕ್ಯಾಂಟೀನಿನಲ್ಲಿ ಬಳಸಬಹುದು. ಹೇಗೆ ಕಟ್ಟಬೇಕು, ಎಷ್ಟರವರೆಗೆ ಕಟ್ಟಬಹುದು ಎಂದು ಆ ಜೈಲಿನ ಮುಲಾಖತ್ ಕೌಂಟರ್‌ನಲ್ಲೇ ಕೇಳಿ, ರಸೀದಿ ತಪ್ಪದೆ ಇಟ್ಟುಕೊಳ್ಳಿ.