ಶೇಡ್, ಶ್ಯಾಡೋ: ಯಾವ ನೆರಳಿಗೆ ಯಾವುದು?

ಶೇಡ್ ಅಂದರೂ ನೆರಳು, ಶ್ಯಾಡೋ ಅಂದರೂ ನೆರಳು, ಹಾಗಾದರೆ ವ್ಯತ್ಯಾಸ ಏನು ಅಂತ ಕೇಳಿದ್ದೀರಿ. ನನ್ನನ್ನೂ ಬಹಳ ದಿನ ಕಾಡಿದ ಪ್ರಶ್ನೆ ಇದು.

ಬಿಸಿಲಲ್ಲಿ ನಿಂತಿದ್ದೀರಿ, ತಲೆಯ ಮೇಲೆ ಒಂದು ಹದ್ದು ಹಾರಿಹೋಗುತ್ತದೆ. ಅದರ ನೆರಳು ನೆಲದ ಮೇಲೆ ಸರ್ರನೆ ಓಡುತ್ತದೆ. ಆ ನೆರಳಿಗೆ ಅಗಲವಾದ ರೆಕ್ಕೆಯಿದೆ, ಬಾಲವಿದೆ. ಆದರೆ ಅದರಲ್ಲಿ ಹೋಗಿ ಕೂತು ದಣಿವಾರಿಸಿಕೊಳ್ಳಲು ಆಗುವುದಿಲ್ಲ ಅಲ್ವಾ? ಅದು ಶ್ಯಾಡೋ. ಈಗ ಒಂದು ದೊಡ್ಡ ಮರದ ಬುಡಕ್ಕೆ ಬನ್ನಿ. ಕೂತರೆ ಮೈ ತಣ್ಣಗಾಗುತ್ತದೆ. ಇಲ್ಲಿ ನೆರಳಿನ ಆಕಾರ ಯಾರಿಗೂ ಬೇಕಿಲ್ಲ, ಬಿಸಿಲು ತಪ್ಪಿದರೆ ಸಾಕು. ಅದು ಶೇಡ್. ಅದೇ ಮರದ ಕೊಂಬೆಗಳು ಗೋಡೆಯ ಮೇಲೆ ಚಿತ್ರದ ಹಾಗೆ ಬಿದ್ದರೆ ಮತ್ತೆ ಶ್ಯಾಡೋ. ಬೆಳದಿಂಗಳಲ್ಲಿ ನಮ್ಮ ಜೊತೆ ನಡೆದು ಬರುವುದೂ ಶ್ಯಾಡೋನೇ.

ಆಕಾರ ಇರುವುದರಿಂದ ಶ್ಯಾಡೋವನ್ನು ಒಂದು, ಎರಡು ಅಂತ ಎಣಿಸಬಹುದು. ತಂಪಿನ ಶೇಡ್ ಅನ್ನು ಎಣಿಸುವುದಿಲ್ಲ. ಬಣ್ಣದ ಶೇಡ್ ಬೇರೆ ಮಾತು, ನೀಲಿಯಲ್ಲೇ ಹತ್ತು ಶೇಡ್ ಇರಬಹುದು. ಇನ್ನೊಂದು, ನಾವು ಸುಮ್ನೆ 'ಅಂಡರ್ ದ ಶೇಡ್' ಅಂದುಬಿಡುತ್ತೇವೆ. 'ಇನ್ ದ ಶೇಡ್' ಅನ್ನುವುದೇ ಜಾಸ್ತಿ ಸಹಜ.

ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಪದಗಳೇ ಆಗಿರಲಿಲ್ಲ! ಆಗ ಇಂಗ್ಲಿಷಿನ ನಾಮಪದಗಳಿಗೂ ನಮ್ಮ ಹಾಗೆ ವಿಭಕ್ತಿ ಇತ್ತು. ಒಂದೇ ಪದದ ಪ್ರಥಮಾ ವಿಭಕ್ತಿಯ ರೂಪದಿಂದ ಶೇಡ್ ಬಂತು, ಉಳಿದ ವಿಭಕ್ತಿಗಳ ರೂಪದಿಂದ ಶ್ಯಾಡೋ ಬಂತು. ಹುಲ್ಲುಗಾವಲು ಅನ್ನುವ ಅರ್ಥದ ಮೀಡ್ ಮತ್ತು ಮೆಡೋ ಹುಟ್ಟಿದ್ದೂ ಹೀಗೆಯೇ. ಎರಡಾದ ಮೇಲೆ ಕೆಲಸವನ್ನೂ ಹಂಚಿಕೊಂಡವು. ಕನ್ನಡದ ನೆರಳು ಮಾತ್ರ ಎರಡೂ ಕೆಲಸವನ್ನು ಒಂದೇ ಪದದಲ್ಲಿ ಮಾಡುತ್ತದೆ. ನನಗೆ ಅದು ತುಂಬಾ ಇಷ್ಟ.

ಆದರೆ ಅನುವಾದ ಮಾಡುವಾಗ ಜೋಪಾನ. 'ಅಪ್ಪನ ನೆರಳಲ್ಲಿ ಬೆಳೆದೆ' ಅನ್ನುವುದನ್ನು ನಾನು ಒಮ್ಮೆ ಇಂಗ್ಲಿಷಿನಲ್ಲಿ 'ಇನ್ ಮೈ ಫಾದರ್ಸ್ ಶ್ಯಾಡೋ' ಅಂತ ಬರೆದಿದ್ದೆ. ಓದಿದವರೊಬ್ಬರು, "ನಿಮ್ಮನ್ನು ಯಾರೂ ಗುರುತಿಸದಷ್ಟು ದೊಡ್ಡ ಹೆಸರಿತ್ತಾ ನಿಮ್ಮ ತಂದೆಗೆ?" ಅಂತ ಮರುಕದಿಂದ ಕೇಳಿದರು. ನಾನು ಹೇಳಹೊರಟಿದ್ದು ಅಪ್ಪ ಕೊಟ್ಟ ತಂಪಿನ ಬಗ್ಗೆ. ಅವರಿಗೆ ಕಂಡದ್ದು ಅಪ್ಪನ ಹಿಂದೆ ಮರೆಯಾಗಿಹೋದ ಮಗ. ಅಲ್ಲಿ ಶೇಡ್ ಹಾಕಿದರೂ ಸರಿಹೋಗುತ್ತಿರಲಿಲ್ಲ. ಕೊನೆಗೆ ನೆರಳನ್ನೇ ಬಿಟ್ಟು, ಅಪ್ಪನ ಆರೈಕೆಯಲ್ಲಿ ಬೆಳೆದೆ ಅನ್ನುವ ಅರ್ಥ ಬರುವ ಹಾಗೆ ಆ ವಾಕ್ಯವನ್ನು ತಿದ್ದಿದೆ.